ವರವೂ ಅದರ ಬೆಲೆಯೂ: ಒಂದು ಕಾದಂಬರಿ, ಒಂದು ಚಲನಚಿತ್ರ

ಕಾದಂಬರಿಯನ್ನು ಮೊದಲು ಓದಿ ಆಮೇಲೆ ಅದರ ಚಲನಚಿತ್ರವನ್ನು ನೋಡಿದವರು ಸಾಮಾನ್ಯವಾಗಿ ಬಿಟ್ಟುಹೋದ ಸನ್ನಿವೇಶಗಳನ್ನು ಕುರಿತು ದೂರುತ್ತಾರೆ. ಚಿತ್ರವನ್ನು ಮೊದಲು ನೋಡಿ ಅನಂತರ ಗ್ರಂಥವನ್ನು ಕೈಗೆತ್ತಿಕೊಂಡವರ ಅನುಭವ ಬೇರೆ ಬಗೆಯದು. ಕಥೆ ತಮಗೆ ಗೊತ್ತು ಎಂಬ ನಂಬಿಕೆಯಿಂದ ಅವರು ಓದಲು ತೊಡಗುತ್ತಾರೆ. ಆ ನಂಬಿಕೆ ಯಾವ ಪುಟದಲ್ಲಿ ಕುಸಿಯುತ್ತದೆ ಎಂಬುದೇ ಅವರ ಓದಿನ ಮುಖ್ಯ ಘಟನೆಯಾಗುತ್ತದೆ. ಜರ್ಮನ್ ಲೇಖಕ ಮಿಖಾಯೆಲ್ ಎಂಡೆ (1929–1995) ಅವರ ‘ಡೀ ಉನ್‌ಎಂಡ್ಲಿಖೆ ಗೆಶಿಖ್ಟೆ’, ಅಂದರೆ ‘ಮುಗಿಯದ ಕಥೆ’, ಇದಕ್ಕೆ ಒಳ್ಳೆಯ ನಿದರ್ಶನ. 1979ರಲ್ಲಿ ಸ್ಟುಟ್‌ಗಾರ್ಟಿನ ಟೀನೆಮಾನ್ ಪ್ರಕಾಶನದಿಂದ ಹೊರಬಂದ ಈ ಕಾದಂಬರಿಯನ್ನು ಆಧರಿಸಿ ನಿರ್ದೇಶಕ ವೋಲ್ಫ್‌ಗಾಂಗ್ ಪೀಟರ್ಸನ್ 1984ರಲ್ಲಿ ‘ದ ನೆವರ್ ಎಂಡಿಂಗ್ ಸ್ಟೋರಿ’ ಎಂಬ ಚಿತ್ರವನ್ನು ತೆಗೆದರು. ಮ್ಯೂನಿಕ್ ನಗರದ ಬವೇರಿಯಾ ಸ್ಟುಡಿಯೋದಲ್ಲಿ, ಆದರೆ ಇಂಗ್ಲಿಷ್ ಭಾಷೆಯಲ್ಲಿ ಸಿದ್ಧವಾದ ಆ ಚಿತ್ರ ದೇಶದೇಶಗಳ ಮಕ್ಕಳಿಗೆ ಪ್ರಿಯವಾಯಿತು. ಕಾದಂಬರಿಯನ್ನು ಓದದವರಿಗೂ ಅದರ ಬಿಳಿಯ ಡ್ರ್ಯಾಗನ್ ಪರಿಚಿತವಾಗಿದೆ.

ಚಿತ್ರದ ನೆನಪಿನೊಡನೆ ಗ್ರಂಥವನ್ನು ತೆರೆದವರಿಗೆ ಮೊದಲು ಎದುರಾಗುವುದು ಅದರ ಮುದ್ರಣ ವಿನ್ಯಾಸ. ಮೂಲ ಆವೃತ್ತಿಯಲ್ಲಿ ಎರಡು ಬಣ್ಣದ ಅಕ್ಷರಗಳಿವೆ: ಮನುಷ್ಯಲೋಕದ ಸಂಗತಿಗಳಿಗೆ ಕೆಂಪು, ಕಲ್ಪನಾಲೋಕದ ಸಂಗತಿಗಳಿಗೆ ಹಸಿರು. ಗ್ರಂಥದಲ್ಲಿ ಇಪ್ಪತ್ತಾರು ಅಧ್ಯಾಯಗಳಿದ್ದು, ಅವು ಜರ್ಮನ್ ವರ್ಣಮಾಲೆಯ ಒಂದೊಂದು ಅಕ್ಷರದಿಂದ ಕ್ರಮವಾಗಿ ಆರಂಭವಾಗುತ್ತವೆ. ಆ ಅಕ್ಷರಗಳನ್ನು ರೋಸ್ವಿತಾ ಕ್ವಾಡ್‌ಫ್ಲೀಗ್ ಎಂಬ ಕಲಾವಿದೆ ಪುಟದಗಲ ಚಿತ್ರಿಸಿದ್ದಾರೆ. ಹೀಗಾಗಿ ಕಥೆ ಎಷ್ಟು ಸಾಗಿದೆ, ಇನ್ನೆಷ್ಟು ಉಳಿದಿದೆ ಎಂಬುದು ಓದುಗನಿಗೆ ಅಕ್ಷರಕ್ರಮದಿಂದಲೇ ತಿಳಿಯುತ್ತಿರುತ್ತದೆ. ಚಿತ್ರದ ಕೊನೆಯ ಘಟನೆ ಬರುವುದು ಹನ್ನೆರಡನೆಯ ಅಧ್ಯಾಯದಲ್ಲಿ ಮತ್ತು ಹದಿಮೂರನೆಯದರ ಆರಂಭದಲ್ಲಿ, ಅಂದರೆ ವರ್ಣಮಾಲೆಯ ನಟ್ಟನಡುವೆ. ಕಥೆ ಮುಗಿಯಿತೆಂದು ಚಿತ್ರ ಹೇಳಿದಲ್ಲಿ ಗ್ರಂಥದ ಅರ್ಧಭಾಗ ಇನ್ನೂ ಉಳಿದಿದೆ. ಈ ಉಳಿದ ಅರ್ಧವನ್ನು ಬಿಟ್ಟದ್ದರಿಂದ ಮೊದಲ ಅರ್ಧದ ಅರ್ಥವೇ ಹೇಗೆ ತಿರುಗಿಹೋಯಿತೆಂಬುದು ವಿಚಾರಾರ್ಹ.

ಮೊದಲ ಭಾಗದ ಕಥೆ ಸರಳ. ಬಾಸ್ಟಿಯನ್ ಬಾಲ್ತಸಾರ್ ಬುಕ್ಸ್ ಎಂಬ ಬಾಲಕನಿಗೆ ತಾಯಿಯಿಲ್ಲ. ಕೃತಕ ದಂತಗಳನ್ನು ತಯಾರಿಸುವ ವೃತ್ತಿಯ ತಂದೆ ಪತ್ನಿಯ ಮರಣಾನಂತರ ಮಾತು ಕಡಿಮೆ ಮಾಡಿ ತನ್ನೊಳಗೇ ಮುಳುಗಿದ್ದಾನೆ. ದಪ್ಪ ಮೈಯ, ಅಂಜುಬುರುಕನಾದ, ಪಾಠದಲ್ಲಿ ಹಿಂದುಳಿದ ಈ ಹುಡುಗ ಸಹಪಾಠಿಗಳ ಹಿಂಸೆಯಿಂದ ತಪ್ಪಿಸಿಕೊಳ್ಳಲು ಕೊರೆಯಾಂಡರ್ ಎಂಬಾತನ ಹಳೆಯ ಪುಸ್ತಕದಂಗಡಿಯನ್ನು ಹೊಕ್ಕು, ಅಲ್ಲಿದ್ದ ಒಂದು ಗ್ರಂಥವನ್ನು ಕದ್ದು ಶಾಲೆಯ ಅಟ್ಟದಲ್ಲಿ ಅಡಗಿ ಓದುತ್ತಾನೆ. ಆ ಗ್ರಂಥದೊಳಗಿನ ಲೋಕದ ಹೆಸರು ಫಾಂಟಾಸಿಯನ್. ಅಲ್ಲಿನ ಬಾಲಸಾಮ್ರಾಜ್ಞಿ ರೋಗಗ್ರಸ್ತೆ. ‘ಶೂನ್ಯ’ವೆಂಬುದು ನಾಡನ್ನು ತುಂಡುತುಂಡಾಗಿ ನುಂಗುತ್ತಿದೆ. ಔಷಧವನ್ನು ಅರಸಿ ಹೊರಟವನು ಅತ್ರೇಯು ಎಂಬ ಬೇಟೆಗಾರ ಬಾಲಕ. ಸಾಮ್ರಾಜ್ಞಿಗೆ ಬೇಕಾದದ್ದು ಒಂದು ಹೊಸ ಹೆಸರು. ಅದನ್ನು ಕೊಡಬಲ್ಲವನು ಮನುಷ್ಯಲೋಕದ ಮಗು ಮಾತ್ರ. ಓದುತ್ತ ಕುಳಿತ ಬಾಸ್ಟಿಯನ್ನನೇ ಆ ಮಗು. ಅವನು ಹೆಸರನ್ನು ಕೂಗುತ್ತಾನೆ. ಅಳಿದ ಲೋಕ ಅವನ ಇಚ್ಛೆಯಿಂದ ಮತ್ತೆ ಮೂಡಬೇಕಾಗುತ್ತದೆ.

ಇಲ್ಲಿಯವರೆಗಿನ ಕಥೆಯನ್ನು ಚಿತ್ರ ಸಾಕಷ್ಟು ಶ್ರದ್ಧೆಯಿಂದ ಹೇಳಿದೆ ಎಂಬುದನ್ನು ಒಪ್ಪಬೇಕು. ವಿಷಾದದ ಜೌಗಿನಲ್ಲಿ ಕುದುರೆ ಮುಳುಗುವ ದೃಶ್ಯ ಒಂದು ತಲೆಮಾರಿನ ಮಕ್ಕಳ ಕಣ್ಣಲ್ಲಿ ನೀರು ತರಿಸಿತು. ಗೆಳೆಯರನ್ನು ಕಳೆದುಕೊಂಡ ಕಲ್ಲುದೇಹದ ದೈತ್ಯ ತನ್ನ ಬಲವಾದ ಕೈಗಳನ್ನು ನೋಡಿಕೊಳ್ಳುವ ಸನ್ನಿವೇಶ ಕಾದಂಬರಿಯಲ್ಲಿ ಇಲ್ಲ. ಚಿತ್ರವೇ ಅದನ್ನು ಸೃಷ್ಟಿಸಿತು. ಬಲವಿದ್ದೂ ರಕ್ಷಿಸಲಾಗದವನ ದುಃಖವನ್ನು ಅಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ವೇಷ, ರೂಪ ಮುಂತಾದ ಬದಲಾವಣೆಗಳನ್ನು ದೊಡ್ಡ ದೋಷವೆನ್ನಬೇಕಾಗಿಲ್ಲ. ಕಾದಂಬರಿಯ ಅತ್ರೇಯು ಹಸಿರು ಮೈಬಣ್ಣದವನು, ಚಿತ್ರದವನು ಹಾಗಿಲ್ಲ. ಕಾದಂಬರಿಯ ಭಾಗ್ಯದ ಡ್ರ್ಯಾಗನ್ ಫುಖೂರ್ ಸಿಂಹದ ತಲೆ, ಮುತ್ತಿನ ಹೊಳಪಿನ ಹುರುಪೆಗಳುಳ್ಳದ್ದು. ಚಿತ್ರದಲ್ಲಿ ಅದು ಫಾಲ್ಕೋರ್ ಎಂಬ ಹೆಸರಿನಿಂದ ನಾಯಿಯ ಮುಖ, ರೋಮಭರಿತ ದೇಹವನ್ನು ಪಡೆದಿದೆ. ಇಂಥವು ಕಲಾಮಾಧ್ಯಮದ ಸ್ವಾತಂತ್ರ್ಯಕ್ಕೆ ಸೇರಿದವು.

ಆಕ್ಷೇಪ ಹುಟ್ಟುವುದು ಮುಕ್ತಾಯದಲ್ಲಿ. ಎಷ್ಟು ಬೇಕಾದರೂ ಬಯಸು, ಬಯಸಿದಷ್ಟೂ ಈ ಲೋಕ ಸಮೃದ್ಧವಾಗುತ್ತದೆ ಎಂಬ ಅಭಯವನ್ನು ಸಾಮ್ರಾಜ್ಞಿ ಬಾಸ್ಟಿಯನ್ನನಿಗೆ ಕೊಡುತ್ತಾಳೆ. ಹುಡುಗ ಡ್ರ್ಯಾಗನ್ನಿನ ಬೆನ್ನೇರಿ ತನ್ನ ನಗರದ ಮೇಲೆ ಹಾರಿಬಂದು, ತನ್ನನ್ನು ಕಾಡಿದ ಸಹಪಾಠಿಗಳನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಹೆದರಿ ಓಡಿದ ಅವರು ಕಸದ ತೊಟ್ಟಿಗೆ ಹಾರುತ್ತಾರೆ, ಪ್ರೇಕ್ಷಕರು ನಗುತ್ತಾರೆ. ಆರಂಭದಲ್ಲಿ ಮಗನಿಗೆ ಹಗಲುಗನಸು ಬಿಡೆಂದು ಬುದ್ಧಿ ಹೇಳಿದ ತಂದೆ ಆಮೇಲೆ ಕಾಣಿಸುವುದೇ ಇಲ್ಲ. ಹಿಂಸೆಗೊಳಗಾದವನಿಗೆ ಹಿಂಸಿಸುವ ಶಕ್ತಿ ದೊರೆಯಿತು ಎಂಬುದೇ ಈ ಚಿತ್ರದ ಮಂಗಳವಾಯಿತು.

ಸಾಮ್ರಾಜ್ಞಿಯ ಅಭಯ ಕಾದಂಬರಿಯಲ್ಲಿಯೂ ಇದೆ. ಆದರೆ ಅಲ್ಲಿ ಅದು ಪರೀಕ್ಷೆಯ ಆರಂಭ. ವರವನ್ನು ಕೊಟ್ಟು ಆಕೆ ಮರೆಯಾಗುತ್ತಾಳೆ; ಬಾಸ್ಟಿಯನ್ನನ ಬಳಿ ಉಳಿಯುವುದು ಔರಿನ್ ಎಂಬ ಪದಕ. ಒಂದರ ಬಾಲವನ್ನೊಂದು ಕಚ್ಚಿದ ಎರಡು ಹಾವುಗಳ ಆ ಪದಕದ ಹಿಂಬದಿಯಲ್ಲಿ, ಧರಿಸಿದವನು ತಾನಿಚ್ಛಿಸಿದ್ದನ್ನು ಮಾಡಬೇಕೆಂಬ ಅರ್ಥದ ಬರಹವಿದೆ. ಮನಸ್ಸಿಗೆ ಬಂದಂತೆ ನಡೆಯಲು ಇದು ಅನುಮತಿಪತ್ರವೆಂದು ಬಾಲಕ ಭಾವಿಸುತ್ತಾನೆ. ಮರುಭೂಮಿಯ ಒಡೆಯನಾದ ಗ್ರಾಓಗ್ರಮಾನ್ ಎಂಬ ಸಿಂಹ ಅವನನ್ನು ತಿದ್ದುತ್ತದೆ: ಆ ಬರಹ ಹೇಳುವುದು ಒಬ್ಬನ ನಿಜವಾದ ಇಚ್ಛೆಯನ್ನು ಕುರಿತು, ಅದನ್ನು ಅರಿಯುವ ದಾರಿಗಿಂತ ಕಠಿಣವಾದ ದಾರಿ ಮತ್ತೊಂದಿಲ್ಲ. ಆಸೆ ಮತ್ತು ಸಂಕಲ್ಪಗಳ ನಡುವಣ ಈ ಭೇದವೇ ಕಾದಂಬರಿಯ ಉತ್ತರಾರ್ಧದ ಬೆನ್ನೆಲುಬು.

ಭೇದವನ್ನು ಲೇಖಕರು ಉಪದೇಶದಿಂದ ಸಾಧಿಸಿಲ್ಲ. ಒಂದು ಸರಳವಾದ ನಿಯಮದಿಂದ ಸಾಧಿಸಿದ್ದಾರೆ. ಬಾಸ್ಟಿಯನ್ನನ ಪ್ರತಿಯೊಂದು ಬಯಕೆಯೂ ಈಡೇರುತ್ತದೆ ಮತ್ತು ಪ್ರತಿಯೊಂದೂ ಅವನ ಪೂರ್ವಜೀವನದ ಒಂದು ಸ್ಮೃತಿಯನ್ನು ಕೊಂಡೊಯ್ಯುತ್ತದೆ. ಚೆಲುವನಾಗಬೇಕೆಂದಾಗ ಚೆಲುವನಾಗುತ್ತಾನೆ, ತಾನು ದಪ್ಪಗಿದ್ದೆನೆಂಬುದು ಮರೆತುಹೋಗುತ್ತದೆ. ಕಳೆದುಕೊಂಡದ್ದರ ಅರಿವು ಕಳೆದುಕೊಂಡವನಿಗೇ ಇಲ್ಲದಿರುವುದು ಈ ನಿಯಮದ ಭೀಕರತೆ. ವರ ಪಡೆದವನನ್ನೇ ವರ ಸುಡುವ ಭಸ್ಮಾಸುರನ ಕಥೆ ಭಾರತೀಯ ಓದುಗರಿಗೆ ಹೊಸತಲ್ಲ. ಅಲ್ಲಿ ವರ ಸುಟ್ಟದ್ದು ದೇಹವನ್ನು, ಅದೂ ಒಂದೇ ಕ್ಷಣದಲ್ಲಿ. ಇಲ್ಲಿ ಅದು ಒಬ್ಬನು ಯಾರಾಗಿದ್ದನೋ ಅದನ್ನೇ ಕಂತುಕಂತಾಗಿ, ಅವನು ಸಂತೋಷದಿಂದಿರುವಾಗಲೇ ಕಬಳಿಸುತ್ತದೆ.

ಬಯಕೆಯ ಭಾರ ಬಯಸಿದವನೊಬ್ಬನ ಮೇಲೆಯೇ ಬೀಳುವುದಿಲ್ಲ ಎಂಬುದನ್ನೂ ಕಾದಂಬರಿ ಎತ್ತಿ ತೋರುತ್ತದೆ. ಬೆಳ್ಳಿಯ ನಗರ ಅಮರ್ಗಾಂತ್‌ನಲ್ಲಿ ಬಾಸ್ಟಿಯನ್ ತನ್ನ ಪರಾಕ್ರಮವನ್ನು ಮೆರೆಸಲು ಹಿನ್‌ರೆಕ್ ಎಂಬ ವೀರನನ್ನು ಎಲ್ಲರೆದುರು ಸೋಲಿಸುತ್ತಾನೆ. ಅವಮಾನಿತನ ಕೀರ್ತಿಯನ್ನು ಮರಳಿ ಕೊಡಿಸಲು ಒಂದು ಘೋರ ಡ್ರ್ಯಾಗನ್ನನ್ನು ಕಲ್ಪಿಸಿ, ಅದು ರಾಜಕುಮಾರಿಯನ್ನು ಅಪಹರಿಸುವಂತೆ ಮಾಡುತ್ತಾನೆ. ಒಬ್ಬನಿಗೆ ತಾನು ಮಾಡಿದ ಅಪಚಾರಕ್ಕೆ ಪರಿಹಾರವಾಗಿ ಮತ್ತೊಬ್ಬಳನ್ನು ಆಪತ್ತಿಗೆ ಒಡ್ಡುವ ಈ ಔದಾರ್ಯದಲ್ಲಿ ಯಾರ ಅನುಮತಿಯನ್ನೂ ಅವನು ಕೇಳಿಲ್ಲ.

ಇದಕ್ಕಿಂತಲೂ ಮಾರ್ಮಿಕವಾದದ್ದು ಅಖರಾಯಿಗಳ ಪ್ರಸಂಗ. ಇವು ತಮ್ಮ ಕುರೂಪಕ್ಕೆ ನಾಚಿ ಕತ್ತಲೆಯಲ್ಲಿ ಬದುಕುವ ಹುಳುವಿನಂಥ ಜೀವಿಗಳು, ಸದಾ ಅಳುತ್ತವೆ. ಬೆಳ್ಳಿಯ ನಗರ ನಿಂತಿರುವ ಸರೋವರ ಇವುಗಳ ಕಣ್ಣೀರಿನದು, ಆ ನಗರದ ಬೆಳ್ಳಿಯ ಕುಸುರಿಯೂ ಇವುಗಳ ಕೆಲಸವೇ. ಬಾಸ್ಟಿಯನ್ ಕನಿಕರಗೊಂಡು ಅವುಗಳನ್ನು ಸದಾ ನಗುವ ಬಣ್ಣದ ಚಿಟ್ಟೆಗಳಾಗಿ ಮಾರ್ಪಡಿಸುತ್ತಾನೆ. ಕನಿಕರ ನಿಜವಾದದ್ದೇ, ಆದರೆ ದಯಾಳುವೆಂದು ಕೀರ್ತಿ ಪಡೆಯುವ ಬಯಕೆಯೂ ಅದರೊಡನೆ ಬೆರೆತಿತ್ತು. ಕೆಲಸವನ್ನೂ ಗುರಿಯನ್ನೂ ಕಳೆದುಕೊಂಡ ಆ ಜೀವಿಗಳು ಬಹುಕಾಲದ ಮೇಲೆ ಅವನನ್ನು ಹುಡುಕಿ ಬರುತ್ತವೆ: ಕೊನೆಯಿಲ್ಲದ ಈ ನಗೆ ತಮಗೆ ಅಸಹ್ಯವಾಗಿದೆ, ತಮಗೊಬ್ಬ ಒಡೆಯ ಬೇಕು, ನಿಯಮ ಬೇಕು ಎಂದು ಗಲಾಟೆ ಮಾಡುತ್ತವೆ. ಪರರ ದುಃಖವನ್ನು ಅವರ ಬದುಕಿನ ಅರಿವಿಲ್ಲದೆ ಅಳಿಸಲು ಹೊರಡುವುದು ಕರುಣೆಯ ವೇಷದಲ್ಲಿರುವ ಅಹಂಕಾರವಾಗಬಹುದು ಎಂಬ ಮಾತನ್ನು ಮಕ್ಕಳ ಗ್ರಂಥವೊಂದು ಇಷ್ಟು ನಿಷ್ಠುರವಾಗಿ ಹೇಳಿರುವುದು ವಿರಳ.

ಪತನ ಅಲ್ಲಿಗೆ ನಿಲ್ಲುವುದಿಲ್ಲ. ಕ್ಸಾಯಿಡೆ ಎಂಬ ಮಾಯಾವಿನಿ ಸೋತವಳಂತೆ ನಟಿಸಿ ಸ್ತುತಿಯಿಂದ ಬಾಸ್ಟಿಯನ್ನನನ್ನು ವಶಪಡಿಸಿಕೊಳ್ಳುತ್ತಾಳೆ. ಅವನ ನೆನಪುಗಳು ಕರಗುತ್ತಿರುವುದನ್ನು ಕಂಡು ಎಚ್ಚರಿಸಿದ ಅತ್ರೇಯುವೇ ಅವನಿಗೆ ಶತ್ರುವಾಗಿ ತೋರುತ್ತಾನೆ. ಬಾಲಸಾಮ್ರಾಜ್ಞಿಯ ಪೀಠದಲ್ಲಿ ತಾನೇ ಚಕ್ರವರ್ತಿಯಾಗಿ ಕೂರಲು ಹೊರಟ ಬಾಸ್ಟಿಯನ್, ತಡೆಯಲು ಬಂದ ಗೆಳೆಯನ ಎದೆಗೆ ಖಡ್ಗ ಬೀಸುತ್ತಾನೆ. ಆ ಖಡ್ಗ ತಾನಾಗಿ ಕೈಗೆ ಬಂದಾಗ ಮಾತ್ರ ಬಳಸತಕ್ಕದ್ದು. ಅಂದು ಅವನು ಅದನ್ನು ಬಲವಂತವಾಗಿ ಒರೆಯಿಂದ ಎಳೆದಿದ್ದನು. ಆಮೇಲೆ ಅವನು ತಲಪುವುದು ಹಳೆಯ ಚಕ್ರವರ್ತಿಗಳ ನಗರಕ್ಕೆ. ಅವನಂತೆಯೇ ಮನುಷ್ಯಲೋಕದಿಂದ ಬಂದು, ಬಯಸಿ ಬಯಸಿ ಕೊನೆಯ ನೆನಪನ್ನೂ ಕಳೆದುಕೊಂಡವರು ಅಲ್ಲಿ ಅಲೆಯುತ್ತಿದ್ದಾರೆ. ನೆನಪಿಲ್ಲದವರಿಗೆ ಬಯಕೆಯೂ ಹುಟ್ಟುವುದಿಲ್ಲ, ಆದ್ದರಿಂದ ಅವರಿಗೆ ಹಿಂದಿರುಗುವ ದಾರಿಯಿಲ್ಲ. ಅಕ್ಷರಗಳಿರುವ ದಾಳಗಳನ್ನು ಎಸೆಯುತ್ತ ಅವರು ಅರ್ಥವಿಲ್ಲದ ಸಾಲುಗಳನ್ನು ಮೂಡಿಸುತ್ತಿರುತ್ತಾರೆ. ಚಿತ್ರದ ಕೊನೆಯಲ್ಲಿ ಡ್ರ್ಯಾಗನ್ನಿನ ಬೆನ್ನ ಮೇಲೆ ನಗುತ್ತಿದ್ದ ಬಾಲಕ ಹೊರಟಿದ್ದ ದಾರಿ ಈ ನಗರಕ್ಕೆ ಎಂಬುದು ಚಿತ್ರವನ್ನು ಮೊದಲು ನೋಡಿದ ಓದುಗನಿಗೆ ಇಲ್ಲಿ ಮನವರಿಕೆಯಾಗುತ್ತದೆ.

ಅವನ ಬಿಡುಗಡೆಯೂ ಸುಲಭವಲ್ಲ. ಐಯುಓಲಾ ಎಂಬ ತಾಯಿಯಂಥ ಸ್ತ್ರೀಯ ಮನೆಯಲ್ಲಿ ಅವನಿಗೆ ತನ್ನ ಕೊನೆಯ ಬಯಕೆ ತಿಳಿಯುತ್ತದೆ. ಇದುವರೆಗೆ ಎಲ್ಲರಿಂದ ಪ್ರೀತಿಸಲ್ಪಡಬೇಕೆಂದಿದ್ದವನು ತಾನು ಪ್ರೀತಿಸಬಲ್ಲವನಾಗಬೇಕೆಂದು ಬಯಸುತ್ತಾನೆ; ಅದಕ್ಕೆ ಬೆಲೆಯಾಗಿ ತಂದೆತಾಯಿಯರ ನೆನಪೇ ಹೋಗುತ್ತದೆ. ಹೆಸರು ಮಾತ್ರ ಉಳಿದ ಅವನು ಯೋರ್ ಎಂಬ ಕುರುಡು ಗಣಿಗಾರನ ಬಳಿ ದುಡಿದು, ಮನುಷ್ಯರು ಮರೆತ ಕನಸುಗಳ ಚಿತ್ರಗಳಿರುವ ಗಣಿಯ ಕತ್ತಲಲ್ಲಿ ತನ್ನದೊಂದನ್ನು ಹುಡುಕುತ್ತಾನೆ. ಕೊನೆಗೆ ಸಿಕ್ಕಿದ ಚಿತ್ರದಲ್ಲಿ ಬಿಳಿಯ ಅಂಗಿ ತೊಟ್ಟು, ಹಲ್ಲಿನ ಅಚ್ಚೊಂದನ್ನು ಹಿಡಿದ ಮನುಷ್ಯನು ಮಂಜುಗಡ್ಡೆಯೊಳಗೆ ಸಿಲುಕಿ ನಿಂತಿದ್ದಾನೆ. ಅವನು ಯಾರೆಂದು ಬಾಸ್ಟಿಯನ್ನನಿಗೆ ತಿಳಿಯದು, ಓದುಗನಿಗೆ ತಿಳಿದಿದೆ. ಗುರುತಿಸಲಾರದ ತಂದೆಗಾಗಿ ಮಗನ ಹೃದಯ ಮಿಡಿಯುತ್ತದೆ, ಅದೇ ಕ್ಷಣದಲ್ಲಿ ತನ್ನ ಹೆಸರೂ ಮರೆಯುತ್ತದೆ. ಸದಾ ನಗುವ ಆ ಚಿಟ್ಟೆಗಳು ಬರುವುದು ಆಗಲೇ. ಅವುಗಳ ಗದ್ದಲದಲ್ಲಿ ಚಿತ್ರ ಚೂರಾಗುತ್ತದೆ. ಹಿಂದೆ ಯೋಚಿಸದೆ ಮಾಡಿದ ಉಪಕಾರ ಇಂದು ಫಲ ಕೊಟ್ಟಿತು.

ಜೀವಜಲದ ಬಳಿ ಅವನ ಪರವಾಗಿ ಮಾತನಾಡುವವನು ಅವನಿಂದಲೇ ಗಾಯಗೊಂಡ ಅತ್ರೇಯು. ಬಾಸ್ಟಿಯನ್ ಆ ಲೋಕದಲ್ಲಿ ಆರಂಭಿಸಿ ಬಿಟ್ಟ ಕಥೆಗಳನ್ನೆಲ್ಲ ತಾನು ಪೂರ್ತಿಗೊಳಿಸುವೆನೆಂದು ಅವನು ಹೊಣೆ ಹೊರುತ್ತಾನೆ. ಆಗ ಮಾತ್ರ ದಾರಿ ತೆರೆಯುತ್ತದೆ. ಮಾಡಿದ್ದು ಅಳಿಸಿಹೋಗುವುದಿಲ್ಲ, ಯಾರಾದರೊಬ್ಬರು ಅದರ ಹೊಣೆಯನ್ನು ಹೊರಲೇಬೇಕು ಎಂಬ ತತ್ತ್ವವನ್ನು ಈ ಕಾದಂಬರಿ ಕೊನೆಯವರೆಗೂ ಸಡಿಲಿಸುವುದಿಲ್ಲ. ಮನೆಗೆ ಮರಳಿದ ಮಗನ ಕಥೆಯನ್ನು ಕೇಳಿದ ತಂದೆಯ ಕಣ್ಣಲ್ಲಿ ನೀರು ಬರುತ್ತದೆ. ತಾನು ತರಬೇಕೆಂದಿದ್ದ ಜೀವಜಲ ಇದೇ ಎಂದು ಬಾಸ್ಟಿಯನ್ನನಿಗೆ ಹೊಳೆಯುತ್ತದೆ.

ಇನ್ನೊಂದು ವ್ಯತ್ಯಾಸ ಚಿಕ್ಕದಾಗಿ ಕಂಡರೂ ಗಮನಾರ್ಹ. ಕಾದಂಬರಿಯಲ್ಲಿ ಬಾಸ್ಟಿಯನ್ ಪುಸ್ತಕವನ್ನು ಕದಿಯುತ್ತಾನೆ. ಚಿತ್ರದಲ್ಲಿ ಅವನು ಪುಸ್ತಕವನ್ನು ಹಿಂದಿರುಗಿಸುವೆನೆಂದು ಚೀಟಿ ಬರೆದಿಟ್ಟು ಹೋಗುತ್ತಾನೆ. ನಾಯಕನ ಮೇಲೆ ಕಳಂಕ ಬಾರದಿರಲೆಂಬ ಸದುದ್ದೇಶ ಇದಕ್ಕೆ ಕಾರಣವಿರಬಹುದು. ಆದರೆ ಕಳ್ಳತನವಿಲ್ಲದ ಕಥೆಯಲ್ಲಿ ತಪ್ಪೊಪ್ಪಿಗೆಗೆ ಸ್ಥಳವಿಲ್ಲ. ಕಾದಂಬರಿಯ ಕೊನೆಯ ಪ್ರಸಂಗವೇ ಆ ತಪ್ಪೊಪ್ಪಿಗೆ. ದೈತ್ಯರನ್ನೂ ಸೇನೆಗಳನ್ನೂ ಎದುರಿಸಿ ಬಂದ ಬಾಲಕನಿಗೆ, ಕೊರೆಯಾಂಡರನ ಅಂಗಡಿಯ ಬಾಗಿಲನ್ನು ತೆರೆದು ಕದ್ದವನು ತಾನೆಂದು ಹೇಳುವುದು ಸುಲಭವಾಗಿರಲಿಲ್ಲ. ಆದರೂ ಅವನು ಹೇಳುತ್ತಾನೆ. ಅಂಥ ಪುಸ್ತಕವೊಂದು ತನ್ನಲ್ಲಿ ಕಳೆದುಹೋಗಿಲ್ಲವೆಂದು ಮುದುಕ ಉತ್ತರಿಸುತ್ತಾನೆ. ಕದ್ದ ವಸ್ತುವೇ ಇಲ್ಲವೆಂದಾದ ಮೇಲೂ ಒಪ್ಪಿಕೊಂಡ ಮಾತು ವ್ಯರ್ಥವಾಗುವುದಿಲ್ಲ, ಏಕೆಂದರೆ ಅದರಿಂದ ಬದಲಾದವನು ಬಾಸ್ಟಿಯನ್. ಡ್ರ್ಯಾಗನ್ನಿನ ಬೆನ್ನೇರಿ ಸಹಪಾಠಿಗಳನ್ನು ಓಡಿಸುವ ಧೈರ್ಯ ಒಂದು. ಒಬ್ಬಂಟಿಯಾಗಿ ನಡೆದುಹೋಗಿ ತಪ್ಪನ್ನು ಹೇಳುವ ಧೈರ್ಯ ಇನ್ನೊಂದು. ಚಿತ್ರ ಮೊದಲನೆಯದನ್ನು ಆರಿಸಿಕೊಂಡಿತು.

ಉತ್ತರಾರ್ಧವನ್ನು ಮುಂದಿನ ಚಿತ್ರಕ್ಕೆಂದು ಕಾದಿರಿಸಿದ್ದರಲ್ಲವೇ ಎಂದು ಕೇಳಬಹುದು. 1990ರಲ್ಲಿ ಬೇರೆ ನಿರ್ದೇಶಕರಿಂದ ಬಂದ ಎರಡನೆಯ ಚಿತ್ರದಲ್ಲಿ ಕ್ಸಾಯಿಡೆಯೂ ಇದ್ದಾಳೆ, ಸ್ಮೃತಿನಾಶವೂ ಇದೆ. ಆದರೆ ಅಲ್ಲಿ ಬಾಸ್ಟಿಯನ್ನನ ನೆನಪುಗಳನ್ನು ಕದಿಯುವುದು ಮಾಯಾವಿನಿಗಾಗಿ ನಿರ್ಮಿಸಿದ ಒಂದು ಯಂತ್ರ. ಕಾದಂಬರಿಯಲ್ಲಿ ಬಯಕೆಯ ಸ್ವಭಾವವೇ ಆಗಿದ್ದದ್ದು ಚಿತ್ರದಲ್ಲಿ ಶತ್ರುವಿನ ಕುತಂತ್ರವಾಯಿತು. ಕುತಂತ್ರವಾದರೆ ಶತ್ರುವನ್ನು ಸೋಲಿಸಿದೊಡನೆ ಎಲ್ಲವೂ ಸರಿಹೋಗುತ್ತದೆ. ಬಯಸಿದವನು ತನ್ನನ್ನು ಪರೀಕ್ಷಿಸಿಕೊಳ್ಳಬೇಕಾಗಿಲ್ಲ. ಹೀಗೆ ಎರಡನೆಯ ಚಿತ್ರವೂ ಅದೇ ಪ್ರಶ್ನೆಯಿಂದ ಬೇರೊಂದು ಬಾಗಿಲ ಮೂಲಕ ಹೊರಬಿತ್ತು.

ಎಂಡೆ ಮೊದಲ ಚಿತ್ರವನ್ನು ಬಹಿರಂಗವಾಗಿ ಖಂಡಿಸಿದರು. ಚಿತ್ರೀಕರಣವನ್ನು ನಿಲ್ಲಿಸಬೇಕು ಅಥವಾ ಹೆಸರನ್ನಾದರೂ ಬದಲಿಸಬೇಕೆಂಬ ಅವರ ಬೇಡಿಕೆ ಈಡೇರಲಿಲ್ಲ. ನ್ಯಾಯಾಲಯಕ್ಕೆ ಹೋಗಿ ಸೋತರು. ಚಿತ್ರದ ಆರಂಭದ ನಾಮಾವಳಿಯಿಂದ ತಮ್ಮ ಹೆಸರನ್ನು ತೆಗೆಸಿದರು. ಹಕ್ಕನ್ನು ಕೊಟ್ಟ ಮೇಲೆ ಲೇಖಕನ ಕೋಪ ಅತಿಯಾಯಿತೆಂದು ಹೇಳುವವರಿದ್ದಾರೆ. ಅವರ ತಂದೆ ಎಡ್ಗಾರ್ ಎಂಡೆ ನಾತ್ಸಿ ಆಡಳಿತದ ನಿಷೇಧಕ್ಕೆ ಗುರಿಯಾದ ಚಿತ್ರಕಾರರು. ಕಲ್ಪನೆಯನ್ನು ಅಧಿಕಾರ ಹೇಗೆ ಅದುಮುತ್ತದೆ, ಹೇಗೆ ದುಡಿಸಿಕೊಳ್ಳುತ್ತದೆ ಎಂಬುದು ಮಗನಿಗೆ ಕೇವಲ ಸಿದ್ಧಾಂತವಾಗಿರಲಾರದು. ಕಾದಂಬರಿಯಲ್ಲಿ ಗ್ಮೋರ್ಕ್ ಎಂಬ ತೋಳಮನುಷ್ಯ ಅತ್ರೇಯುವಿಗೆ ತಿಳಿಸುವ ರಹಸ್ಯ ಇದನ್ನೇ ಧ್ವನಿಸುತ್ತದೆ: ಶೂನ್ಯಕ್ಕೆ ಬಿದ್ದ ಕಲ್ಪನಾಜೀವಿಗಳು ಮನುಷ್ಯಲೋಕದಲ್ಲಿ ಸುಳ್ಳುಗಳಾಗಿ ಹುಟ್ಟುತ್ತವೆ, ಆ ಸುಳ್ಳುಗಳಿಂದ ಜನರನ್ನು ಆಳಲಾಗುತ್ತದೆ. ಚಿತ್ರದ ತೋಳ ಭರವಸೆ ಕಳೆದುಕೊಂಡ ಜನರನ್ನು ಆಳುವುದು ಸುಲಭವೆನ್ನುತ್ತದೆಯೇ ಹೊರತು ಕಲ್ಪನೆ ಸುಳ್ಳಾಗಿ ಮಾರ್ಪಡುವ ಮಾತನ್ನು ಎತ್ತುವುದಿಲ್ಲ. ಆ ಮಾತನ್ನು ಬಿಟ್ಟರೆ ಕಲ್ಪನೆಯೆಂಬುದು ಯಾವಾಗಲೂ ಒಳ್ಳೆಯದು, ಅದು ಹೆಚ್ಚಿದಷ್ಟೂ ಲೇಸು ಎಂಬ ಸುಲಭದ ನಿಲುವು ಉಳಿಯುತ್ತದೆ.

ಕಾದಂಬರಿಗೂ ಅದರದೇ ಆದ ದೋಷಗಳಿವೆ. ಉತ್ತರಾರ್ಧದ ಪ್ರಸಂಗಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಮಧ್ಯದ ಪಯಣದ ಭಾಗ ದೀರ್ಘವಾಯಿತು. ಐಯುಓಲಾಳ ಮನೆಯ ಅಧ್ಯಾಯದಲ್ಲಿ ಅರ್ಥವನ್ನು ವಿವರಿಸುವ ಆತುರ ಕಾಣುತ್ತದೆ. ಕ್ಸಾಯಿಡೆಯ ದುಷ್ಟತನಕ್ಕೆ ಸಾಕಷ್ಟು ಕಾರಣವಿಲ್ಲ. ಚಿತ್ರದ ವೇಗಕ್ಕೆ ಒಗ್ಗಿದವರಿಗೆ ಇಲ್ಲಿ ಬೇಸರ ಬರಬಹುದು. ಆದರೂ ನಾಯಕನನ್ನು ಪ್ರೀತಿಸತೊಡಗಿದ ಓದುಗನಿಗೆ ಅದೇ ನಾಯಕನ ಅಧಃಪತನವನ್ನು ಹನ್ನೆರಡು ಅಧ್ಯಾಯಗಳ ಪರ್ಯಂತ ತೋರಿಸುವ ದಿಟ್ಟತನದ ಮುಂದೆ ಈ ದೋಷಗಳು ಹಗುರವಾಗುತ್ತವೆ.

ಎರಡು ತಾಸಿನೊಳಗಿನ ಚಿತ್ರ ಇಪ್ಪತ್ತಾರು ಅಧ್ಯಾಯಗಳನ್ನು ಹಿಡಿಸಲಾರದು ಎಂಬುದು ನ್ಯಾಯವಾದ ಸಮಾಧಾನ. ಅರ್ಧವನ್ನು ಕೈಬಿಟ್ಟದ್ದು ಅಪರಾಧವಲ್ಲ. ವರ ದೊರೆತ ಕ್ಷಣವನ್ನೇ ಕಥೆಯ ಫಲವೆಂದು ತೋರಿಸಿದ್ದರಲ್ಲಿ ಅದರ ಕೊರತೆಯಿದೆ. ಚಿತ್ರವನ್ನು ನೋಡಿದ ಮಕ್ಕಳ ಕೈಗೆ ಈ ಗ್ರಂಥವನ್ನು ಕೊಡುವ ಹಿರಿಯರು, ಹನ್ನೆರಡನೆಯ ಅಧ್ಯಾಯದ ಬಳಿಕ ಪುಸ್ತಕವನ್ನು ಮುಚ್ಚದಂತೆ ನೋಡಿಕೊಂಡರೆ ಸಾಕು. ಹೊಸ ಹೆಸರು ಸಿಕ್ಕಿತು, ಲೋಕ ಉಳಿಯಿತು ಎಂದು ಸಂತೋಷಪಡುವ ಮಗು ಪುಟವನ್ನು ತಿರುವಿದಾಗ, ಬಯಸಿದ್ದನ್ನು ಪಡೆದ ಬಾಲಕನೊಬ್ಬ ತಾನು ಯಾರೆಂಬುದನ್ನು ಮರೆಯತೊಡಗಿರುವುದನ್ನು ಕಾಣುತ್ತದೆ. ಅವನು ಹಿಂದಿರುಗುವನೋ ಇಲ್ಲವೋ ಎಂಬ ಆತಂಕದಿಂದ ಮಗು ಓದುವ ಆ ಪುಟಗಳೇ ಈ ಗ್ರಂಥದ ನಿಜವಾದ ಕೊಡುಗೆ.